ಮನೆಗೊಂದು ಅಂಕಪಟ್ಟಿ

ಶಾಲೆಯು ವಿದ್ಯಾರ್ಥಿಗೆ ಅಂಕಪಟ್ಟಿ ನೀಡುವಂತೆ ಮನೆಗೂ ಅಂಕಪಟ್ಟಿ ನೀಡುವ ಪದ್ಧತಿಯು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2007ರಲ್ಲಿ ಆರಂಭವಾಯಿತು. ಮನೆಯನ್ನು ಮಾರುವಾಗ ಇಲ್ಲವೆ ಬಾಡಿಗೆಗೆ ಕೊಡುವಾಗ ಸಾಮಾನ್ಯವಾಗಿ ಈ ಇಂಧನದಕ್ಷತಾ ಪ್ರಮಾಣಪತ್ರವು ಅವಶ್ಯ. ಅದರ ಅವಧಿ 10 ವರ್ಷ. ಪರೀಕ್ಷಕನು ಗೋಡೆ, ಛಾವಣಿ, ಕಿಟಕಿ, ಮನೆಯನ್ನು ಬೆಚ್ಚಗಿಡುವ ಉಪಕರಣ ಇವುಗಳನ್ನು ಪರಿಶೀಲಿಸಿದ ಮೇಲೆ ‘ಎ’ಯಿಂದ ‘ಜಿ’ಯವರೆಗಿನ ಏಳು ದರ್ಜೆಗಳಲ್ಲೊಂದು ಗೊತ್ತಾಗುತ್ತದೆ. 92 ಹಾಗೂ ಮೇಲ್ಪಟ್ಟ ಅಂಕಕ್ಕೆ ‘ಎ’. 20 ಹಾಗೂ ಅದಕ್ಕೂ ಕಡಿಮೆಯಾದರೆ ‘ಜಿ’. ಪ್ರಮಾಣಪತ್ರ ಪಡೆದ ಮನೆಗಳ ದರ್ಜೆಯನ್ನು ಅಂಚೆ ಸಂಕೇತದ ಮೂಲಕ ಬೀದಿಬೀದಿಯಾಗಿ ಯಾರು ಬೇಕಾದರೂ ನೋಡಬಹುದು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಈ ದರ್ಜೆ ಮನೆಯದು, ಮನೆಯವರದಲ್ಲ. ಹಣವಿಲ್ಲದೆ ಚಳಿಯಲ್ಲಿ ನಡುಗುವ ಬಡವನ ಇಂಧನವೆಚ್ಚ ಅಲ್ಪವಾಗಿರಬಹುದು. ಅದು ಮಿತವ್ಯಯವಲ್ಲ, ಕೊರತೆ. ಬಿಲ್ಲನ್ನು ನೋಡಿದರೆ ಆ ಮನೆ ಉತ್ತಮವೆಂದೇ ತೋರೀತು. ಗೋಡೆ, ಛಾವಣಿಗಳನ್ನು ನೋಡಿದರೆ ನಿಜ ತಿಳಿಯುತ್ತದೆ. ಕೆಲವು ವಿನಾಯಿತಿಗಳನ್ನುಳಿದು, 2018ರಿಂದ ಹೊಸ ಬಾಡಿಗೆಗೂ 2020ರಿಂದ ಹಳೆಯ ಬಾಡಿಗೆಗೂ ಕನಿಷ್ಠ ‘ಇ’ ದರ್ಜೆ ಬೇಕೆಂಬುದು ನಿಯಮವಾಯಿತು. ಹೀಗೆ ಮನೆಯ ದೋಷವನ್ನು ಸರಿಪಡಿಸುವ ಹೊಣೆ ಮಾಲೀಕನ ಮೇಲೆ ಬಿದ್ದಿತು.

ಅಂಕವಿರುವುದು ನಿಂದೆಗಾಗಿಯಲ್ಲ, ನೆರವು ಎಲ್ಲಿ ಬೇಕೆಂದು ತೋರುವುದಕ್ಕಾಗಿ. ಶಾಲೆಯ ಅಂಕಪಟ್ಟಿಯ ಉದ್ದೇಶವೂ ಇದೇ ಅಲ್ಲವೆ?