ಪರದೆಯಲ್ಲಿ ಹೊಳೆದ ಫೋಟೊ ಕಾಗದದಲ್ಲಿ ಮಂಕೇಕೆ?

ಪ್ರಶ್ನೆ: ಮೊಬೈಲಿನಲ್ಲಿ ಚೆನ್ನಾಗಿ ಕಾಣುವ ಫೋಟೊ ಪ್ರಿಂಟ್ ಹಾಕಿಸಿದರೆ ಕಪ್ಪಾಗಿ ಬರುತ್ತದೆ. ಇದು ಸ್ಟುಡಿಯೊದವರ ತಪ್ಪೇ?

ಉತ್ತರ: ಬಹಳ ಸಲ ಅಲ್ಲ. ಪರದೆ ತಾನೇ ಬೆಳಕು ಚೆಲ್ಲುತ್ತದೆ. ಕಾಗದ ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ಹಿಂತಿರುಗಿಸುತ್ತದೆ. ಬ್ರೈಟ್‌ನೆಸ್ ಪೂರ್ತಿ ಏರಿಸಿಟ್ಟು ಫೋಟೊ ತಿದ್ದಿದರೆ, ನೆರಳಿನಲ್ಲಿರುವ ಮುಖವೂ ಬೆಳಗಿದಂತೆ ಕಾಣುತ್ತದೆ. ಪ್ರಿಂಟ್‌ಗೆಂದೇ ತಿದ್ದುವವರು ಮಾನಿಟರನ್ನು ಸಾಮಾನ್ಯವಾಗಿ ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾಗೆ ಇಳಿಸಿಕೊಳ್ಳುತ್ತಾರೆ. ಫೋನಿನ ಪರದೆ ಇದರ ಎಷ್ಟೋ ಪಟ್ಟು ಬೆಳಗಬಲ್ಲದು. ನಿಮ್ಮ ದೂರಿನ ಮೂಲ ಇಲ್ಲೇ ಇದೆ ಎಂದು ನನಗನ್ನಿಸುತ್ತದೆ; ಮೊದಲು ಬ್ರೈಟ್‌ನೆಸ್ ಇಳಿಸಿ ನೋಡಿ.

ಬಣ್ಣದ ಮಾತು ಬೇರೆ. ಪರದೆ ಕೆಂಪು, ಹಸಿರು, ನೀಲಿ ಬೆಳಕನ್ನು ಬೆರೆಸುತ್ತದೆ. ಇಂಕ್‌ಜೆಟ್ ಪ್ರಿಂಟರಿನ ಸಯಾನ್, ಮಜೆಂಟಾ, ಹಳದಿ, ಕಪ್ಪು ಶಾಯಿಗಳು ಬೆಳಕನ್ನು ಹೀರಿಕೊಂಡು ಬಣ್ಣ ಕಾಣಿಸುತ್ತವೆ. ಹಾಗಾಗಿ ಪರದೆಯಲ್ಲಿ ಮಿಂಚುವ ಕಡುನೀಲಿ ರೇಷ್ಮೆ ಸೀರೆ ಕಾಗದದಲ್ಲಿ ಹೊಳಪು ಕಳೆದುಕೊಂಡು ಕೊಂಚ ನೇರಳೆಗೆ ತಿರುಗುವುದುಂಟು. ಆ ನೀಲಿ ಶಾಯಿಗೆ ಎಟುಕುವುದಿಲ್ಲ, ಅಷ್ಟೇ. ಪ್ರಿಂಟರ್ ಮತ್ತು ಕಾಗದದ ಪ್ರತಿ ಜೋಡಿಯ ಬಣ್ಣದ ಮಿತಿಯನ್ನು ದಾಖಲಿಸುವ ಫೈಲಿಗೆ ಐಸಿಸಿ ಪ್ರೊಫೈಲ್ ಎನ್ನುತ್ತಾರೆ. ಲ್ಯಾಬಿನವರಿಂದ ಅದನ್ನು ಕೇಳಿ ಪಡೆದು, ಫೋಟೊಶಾಪಿನಲ್ಲಿ ಸಾಫ್ಟ್ ಪ್ರೂಫ್, ಅಂದರೆ ಪ್ರಿಂಟಿನ ಮುನ್ನೋಟ, ಹಾಕಿದರೆ ಯಾವ ಬಣ್ಣ ಕುಂದುತ್ತದೆಂದು ಮೊದಲೇ ಗೊತ್ತಾಗುತ್ತದೆ. ಪ್ರೊಫೈಲ್ ಸಿಗದಿದ್ದರೆ ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣ ಮಾನಕದಲ್ಲಿ ಸೇವ್ ಮಾಡಿ ಕಳುಹಿಸಿ.

ಪ್ರಿಂಟನ್ನು ಹಳದಿ ಬಲ್ಬಿನಡಿ ತೂಗಿ ನೋಡಬೇಡಿ, ಹಗಲಲ್ಲಿ ಕಿಟಕಿಯ ಪಕ್ಕ ಹಿಡಿಯಿರಿ. ದೊಡ್ಡ ಸೈಜ್ ಹಾಕಿಸುವ ಮುನ್ನ 4×6 ಇಂಚಿನ ಒಂದು ಪ್ರತಿ ತೆಗೆಸಿ ನೋಡಿ.