ಕೊರಳ ಹಾರದಂತಹ ಒಂದು ಸಂಖ್ಯೆ

ವಾಚಕ ಮಹಾಶಯರು ಒಂದು ಚೀಟಿಯ ಮೇಲೆ ೧೨೩೪೫೬೫೪೩೨೧ ಎಂಬ ಸಂಖ್ಯೆಯನ್ನು ಬರೆದುಕೊಳ್ಳಬೇಕೆಂದು ಕೋರುತ್ತೇವೆ. ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು ಎಂದು ಓದಿ ಮುಗಿಸುವಷ್ಟರಲ್ಲಿ ಉಸಿರು ಕಟ್ಟುವುದು. ಆದರೆ ನೋಟಕ್ಕೆ ಬಹು ಸೊಗಸು. ಅಂಕಿಗಳು ಒಂದರಿಂದ ಆರರವರೆಗೆ ಏರಿ, ಏರಿದ ಮೆಟ್ಟಿಲುಗಳಲ್ಲಿಯೇ ಇಳಿಯುವುವು. ಅನುಲೋಮವಾಗಿ ಓದಿದರೂ ಪ್ರತಿಲೋಮವಾಗಿ ಓದಿದರೂ ಸಂಖ್ಯೆಯು ಒಂದೇ.

ಇದು ನಮ್ಮ ನಾಡಿಗೆ ಹೊಸತಲ್ಲ. ಒಂಬತ್ತನೆಯ ಶತಮಾನದಲ್ಲಿ, ಮಾನ್ಯಖೇಟದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ 'ಗಣಿತಸಾರಸಂಗ್ರಹ'ವೆಂಬ ಸಂಸ್ಕೃತ ಗ್ರಂಥದಲ್ಲಿ ಗುಣಾಕಾರಕ್ಕೆ ಉದಾಹರಣೆ ಕೊಡುವಾಗ, ೨೭೯೯೪೬೮೧ ನ್ನು ೪೪೧ ರಿಂದ ಗುಣಿಸಿ ಇದನ್ನು ಪಡೆದಿರುವನು. ಮಣಿ ಪೋಣಿಸಿದ ಹಾರದಂತೆ ಕಾಣುವ ಗುಣಲಬ್ಧಗಳನ್ನು ಆತನು ಇನ್ನೂ ಹಲವು ಕೊಟ್ಟಿರುವನು.

ನಾವು ಉಪಾಧ್ಯಾಯ ವೃತ್ತಿಗೆ ಸೇರಿದ ಹೊಸತರಲ್ಲಿ ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದು ಬಾಲಕರನ್ನು ಬೆರಗುಗೊಳಿಸುತ್ತಿದ್ದೆವು. ಒಮ್ಮೆ ಒಬ್ಬ ಹುಡುಗನು ಎದ್ದುನಿಂತು, "ಹೀಗೇಕೆ ಬರುವುದು ಸಾರ್?" ಎಂದು ಕೇಳಿದನು. ಉತ್ತರವು ನಮಗೆ ತಿಳಿದಿರಲಿಲ್ಲ. ತಿಳಿಯದೆಂದು ಒಪ್ಪಿಕೊಳ್ಳುವ ಧೈರ್ಯವೂ ಇರಲಿಲ್ಲ. "ಅಧಿಕಪ್ರಸಂಗ ಬೇಡ, ಕುಳಿತುಕೋ" ಎಂದು ಗದರಿಸಿದೆವು. ಆ ವರ್ಷವೆಲ್ಲ ಅವನು ಮತ್ತೊಂದು ಪ್ರಶ್ನೆಯನ್ನು ಕೇಳಲಿಲ್ಲ.

ಕಳೆದ ತಿಂಗಳು ನಮ್ಮ ಮೊಮ್ಮಗಳು ಅದೇ ಪ್ರಶ್ನೆಯನ್ನು ಕೇಳಿದಳು. ಈ ಸಲ ಕಾಗದ ಹಿಡಿದು ಅವಳ ಪಕ್ಕದಲ್ಲಿ ಕುಳಿತೆವು.

೪೪೧ ಎಂಬುದು ೨೧ ರ ವರ್ಗ. ೨೭೯೯೪೬೮೧ ಎಂಬುದು ೫೨೯೧ ರ ವರ್ಗ. ಈ ಎರಡು ಮೂಲಗಳನ್ನು ಗುಣಿಸಿದರೆ ೧೧೧೧೧೧. ಆದುದರಿಂದ ನಮ್ಮ ಸಂಖ್ಯೆಯು ೧೧೧೧೧೧ ರ ವರ್ಗವೇ ಆಯಿತು. ಅದನ್ನು ಅದರಿಂದಲೇ ಗುಣಿಸುವುದೆಂದರೆ, ಆರು ಒಂದುಗಳ ಸಾಲನ್ನು ಆರು ಸಲ, ಪ್ರತಿಯೊಂದನ್ನೂ ಮೇಲಿನದಕ್ಕಿಂತ ಒಂದು ಸ್ಥಾನ ಎಡಕ್ಕೆ ಸರಿಸಿ ಬರೆದು ಕೂಡುವುದು. ಬಿಡಿಸ್ಥಾನದಲ್ಲಿ ಒಂದೇ ಒಂದು ಬೀಳುವುದು. ಹತ್ತರ ಸ್ಥಾನದಲ್ಲಿ ಎರಡು. ಹೀಗೆಯೇ ಆರನೆಯ ಸ್ಥಾನದಲ್ಲಿ ಆರು. ಅಲ್ಲಿಂದಾಚೆಗೆ ಸಾಲುಗಳು ಒಂದೊಂದಾಗಿ ಮುಗಿಯುವುದರಿಂದ ಮೊತ್ತವೂ ಇಳಿಯುವುದು. ಹಾರದ ಗುಟ್ಟು ಇಷ್ಟೇ. ಅಂಕಿಗಳನ್ನೆಲ್ಲ ಕೂಡಿದರೆ ೩೬ ಬರುವುದಕ್ಕೂ ಇದೇ ಕಾರಣ: ಆರು ಸಾಲು, ಸಾಲಿಗೆ ಆರು ಒಂದು.

"ಹಾಗಾದರೆ ಹಾರವನ್ನು ಎಷ್ಟು ಉದ್ದ ಬೇಕಾದರೂ ಮಾಡಬಹುದೇ?" ಎಂದಳು. ಮಾಡಿ ನೋಡೆಂದೆವು. ಒಂಬತ್ತು ಒಂದುಗಳಿಗೆ ೧೨೩೪೫೬೭೮೯೮೭೬೫೪೩೨೧ ಎಂದು ಸರಿಯಾಗಿಯೇ ಬಂದಿತು. ಹತ್ತು ಒಂದುಗಳಿಗೆ ೧೨೩೪೫೬೭೯೦೦೯೮೭೬೫೪೩೨೧ ಎಂದಾಗಿ ಹಾರವು ಹರಿಯಿತು. ನಡುವಣ ಸ್ಥಾನದ ಮೊತ್ತವು ಹತ್ತಾದುದರಿಂದ ಅಲ್ಲಿ ಸೊನ್ನೆ ನಿಂತು, ದಶಕವು ಎಡಕ್ಕೆ ಸಾಗಿತು. ಹಾರವನ್ನು ಕಂಡಾಗಿನ ಸಂತೋಷಕ್ಕಿಂತ ಅದು ಹರಿಯುವ ಎಡೆಯನ್ನು ತಾನೇ ಕಂಡುಹಿಡಿದ ಸಂತೋಷವು ಮಗುವಿಗೆ ಹೆಚ್ಚಾಗಿದ್ದಿತು.

ಮನೆಯಲ್ಲಿ ಮಕ್ಕಳು "ಏಕೆ" ಎಂದಾಗ, ಉತ್ತರ ತಿಳಿಯದಿದ್ದರೆ "ತಿಳಿಯದು, ಬಾ ನೋಡೋಣ" ಎನ್ನುವುದರಿಂದ ಹಿರಿಯರ ಗೌರವಕ್ಕೆ ಕುಂದಿಲ್ಲ. ಅಂದು ಗದರಿಸಿ ಕುಳ್ಳಿರಿಸಿದ ಹುಡುಗನು ಈಗ ನಡುವಯಸ್ಸಿನ ಗೃಹಸ್ಥನಾಗಿರಬೇಕು. ಈ ಪುಟವು ಅವನ ಕಣ್ಣಿಗೆ ಬಿದ್ದರೆ, ನಾವು ತೀರಿಸಬೇಕಾಗಿದ್ದ ಉತ್ತರವು ತಡವಾಗಿಯಾದರೂ ಅವನಿಗೆ ಸಂದಂತಾಗುವುದು.