ಹುಳಿ, ಆಮ್ಲ, ಕಿಣ್ವ: ಜೀರ್ಣಕ್ರಿಯೆಯ ಮೂರು ಪದಗಳು

ಉಜಿರೆ, ಬೆಳ್ತಂಗಡಿ ಪರಿಸರದಲ್ಲಿ ಕುಚ್ಚಲಕ್ಕಿಯ ಊಟದೊಡನೆ ಪುನರ್ಪುಳಿಯ ಸಾರು ಪರಿಚಿತವಾದುದು. ಅದರ ಹುಳಿಯಿಂದ ಅನ್ನ ಅರಗುತ್ತದೆಂಬುದು ಜನರ ನಂಬಿಕೆ. ಹೊಸಗನ್ನಡದಲ್ಲಿ ಪಕಾರವು ಹಕಾರವಾಗಿ ‘ಹುಳಿ’ಯಾದ ಹಳಗನ್ನಡದ ‘ಪುಳಿ’ ತುಳುನಾಡಿನ ಈ ಹಣ್ಣಿನ ಹೆಸರಿನಲ್ಲಿ ಇನ್ನೂ ಉಳಿದಿದೆ. ವಿಜ್ಞಾನದ ‘ಆಮ್ಲ’ವೂ ಹುಳಿರುಚಿಯನ್ನು ಸೂಚಿಸುವ ಸಂಸ್ಕೃತ ಪದದಿಂದಲೇ ಬಂದುದು. ರುಚಿಯ ಮಾತು ರಾಸಾಯನಿಕ ಪರಿಭಾಷೆಯಾದಾಗ ಹುಟ್ಟುವ ಗೊಂದಲ ಇಲ್ಲಿನ ವಿಚಾರ.

‘ಕಿಣ್ವ’ದ ಚರಿತ್ರೆ ಇನ್ನೂ ಸ್ವಾರಸ್ಯಕರ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅದು ಮದ್ಯವನ್ನು ಹುದುಗಿಸುವ ದ್ರವ್ಯ. 1877ರಲ್ಲಿ ಜರ್ಮನಿಯ ಕ್ಯೂನೆ ಬಳಕೆಗೆ ತಂದ ‘ಎನ್‌ಜೈಮ್’ ಪದಕ್ಕೂ ಗ್ರೀಕ್ ಮೂಲದಲ್ಲಿ ‘ಹುದುಗಿನೊಳಗಿನದು’ ಎಂದೇ ಅರ್ಥ. ಕನ್ನಡದ ಪರಿಭಾಷೆಯಲ್ಲಿ ಇಷ್ಟು ಹದವಾಗಿ ಕೂಡಿಬಂದ ಪದಗಳು ವಿರಳ.

ಪದವಿಪೂರ್ವ ತರಗತಿಯ ಪ್ರಯೋಗವೊಂದು ಸುಪರಿಚಿತ. ಗಂಜಿನೀರಿನಂತಹ ಪಿಷ್ಟದ ದ್ರಾವಣಕ್ಕೆ ಜೊಲ್ಲನ್ನು ಬೆರೆಸಿ ಸ್ವಲ್ಪ ಹೊತ್ತಿನ ಬಳಿಕ ಅಯೋಡಿನ್ ಹಾಕಿದರೆ ನೀಲಿ ಬಣ್ಣ ಮೂಡದು. ಪಿಷ್ಟವು ಆಗಲೇ ಒಡೆದಿರುತ್ತದೆ. ಮೊದಲೇ ಆಮ್ಲ ಸೇರಿಸಿದ ನಳಿಕೆಯಲ್ಲಿ ಮಾತ್ರ ನೀಲಿ ಹಾಗೆಯೇ ಉಳಿಯುತ್ತದೆ. ಕಿಣ್ವವು ಪ್ರೋಟೀನು. ಜಲಜನಕದ ಅಯಾನುಗಳು ಹೆಚ್ಚಿದಂತೆ ಅದರ ಘಟಕಗಳ ವಿದ್ಯುದಂಶ ಬದಲಾಗಿ, ಪಿಷ್ಟವನ್ನು ಹಿಡಿಯುವ ಭಾಗದ ಆಕಾರ ಕೆಡುತ್ತದೆ.

1909ರಲ್ಲಿ ಸೋರೆನ್‌ಸೆನ್ ರೂಪಿಸಿದ ಪಿಎಚ್ ಮಾನದಲ್ಲಿ ಒಂದು ಅಂಕದ ವ್ಯತ್ಯಾಸವೆಂದರೆ ಹತ್ತುಪಟ್ಟು. ಜೊಲ್ಲಿನ ಅಮೈಲೇಸ್ ಸುಮಾರು 6.8ರಲ್ಲಿ ಚುರುಕಾಗಿದ್ದರೆ, ಜಠರದ ಪೆಪ್ಸಿನ್‌ಗೆ 2ರ ಆಸುಪಾಸು ಬೇಕು. ಎರಡರ ನಡುವೆ ಅರುವತ್ತು ಸಾವಿರಪಟ್ಟಿನಷ್ಟು ಅಂತರ. ಪೆಪ್ಸಿನ್ ಮೊದಲು ನಿಷ್ಕ್ರಿಯ ರೂಪದಲ್ಲಿ ಸ್ರವಿಸಿ, ಆಮ್ಲದ ಸಂಪರ್ಕದಲ್ಲಿ ತನ್ನದೊಂದು ತುಣುಕನ್ನು ಕಳಚಿಕೊಂಡು ಎಚ್ಚರಗೊಳ್ಳುತ್ತದೆ. ನುಂಗಿದ ತುತ್ತಿನ ಒಳಭಾಗಕ್ಕೆ ಆಮ್ಲ ಇಳಿಯುವವರೆಗೆ ಅಮೈಲೇಸ್ ಅಲ್ಲಿ ಕೆಲಸ ಮುಂದುವರಿಸುತ್ತದೆ. ಸಣ್ಣಕರುಳಿನಲ್ಲಿ ಮೇದೋಜೀರಕದ ಬೈಕಾರ್ಬೊನೇಟ್ ಆಮ್ಲವನ್ನು ತಣಿಸಿದಾಗ ಪೆಪ್ಸಿನ್ ನಿಲ್ಲುತ್ತದೆ. 8ರ ಸಮೀಪ ಚುರುಕಾಗುವ ಟ್ರಿಪ್ಸಿನ್‌ನ ಸರದಿ ಬರುತ್ತದೆ.

ಆದ್ದರಿಂದ ‘ಆಮ್ಲವು ಆಹಾರವನ್ನು ಜೀರ್ಣಿಸುತ್ತದೆ’ ಎಂಬ ವಾಕ್ಯ ಅರ್ಧಸತ್ಯ. ಆಮ್ಲವು ಪ್ರೋಟೀನಿನ ಮಡಿಕೆಯನ್ನು ಬಿಡಿಸುತ್ತದೆ, ಬಹುಪಾಲು ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಕತ್ತರಿಸುವುದು ಮಾತ್ರ ಕಿಣ್ವ. ಎಲ್ಲವನ್ನೂ ಒಂದೇ ಬೆಂಕಿ ಬೇಯಿಸುವಂತೆ ತೋರಿಸುವ ‘ಜಠರಾಗ್ನಿ’ಯ ರೂಪಕಕ್ಕೂ ಈ ಸ್ಥಾನಭೇದ ಒಗ್ಗದು. ಪುನರ್ಪುಳಿಯ ಸಾವಯವ ಆಮ್ಲಗಳು ಜಠರದ ಹೈಡ್ರೊಕ್ಲೋರಿಕ್ ಆಮ್ಲದೆದುರು ದುರ್ಬಲ. ಆದರೂ ಹುಳಿ ನಾಲಗೆಗೆ ತಾಗಿದೊಡನೆ ಜೊಲ್ಲು ಸುರಿಯುವುದು ನಿಜ. ಜನರ ನಂಬಿಕೆಗೆ ಅಷ್ಟರಮಟ್ಟಿನ ಆಧಾರವುಂಟು.

ಪದದ ಗೊಂದಲಕ್ಕೆ ದೇಹವೂ ಬೆಲೆ ತೆರಬಹುದು. ಆಡುಮಾತಿನಲ್ಲಿ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಮಾತು ಎದೆಯುರಿ, ಹೊಟ್ಟೆಯುಬ್ಬರ, ಹುಳಿತೇಗು ಎಲ್ಲಕ್ಕೂ ಸಲ್ಲುತ್ತದೆ. ಎಲ್ಲಕ್ಕೂ ಆಮ್ಲ ತಗ್ಗಿಸುವ ಮಾತ್ರೆಯೇ ಮದ್ದೆಂದು ತಿಳಿಯುವವರಿದ್ದಾರೆ. ಆಹಾರದ ಪ್ರೋಟೀನಿನಿಂದ ಬಿ12 ಜೀವಸತ್ವವನ್ನು ಬಿಡಿಸಲು ಆಮ್ಲ, ಪೆಪ್ಸಿನ್‌ಗಳೆರಡೂ ಬೇಕು. ಒಮೆಪ್ರಜೋಲ್‌ನಂತಹ ಮಾತ್ರೆಗಳನ್ನು ವರ್ಷಗಟ್ಟಲೆ ಸೇವಿಸಿದವರಲ್ಲಿ, ವಿಶೇಷವಾಗಿ ವೃದ್ಧರಲ್ಲಿ, ಈ ಜೀವಸತ್ವದ ಕೊರತೆ ಕಂಡುಬರುವುದುಂಟು.